ಮೂಲೆಯ ಖಾನೆಯ ಕಲ್ಲು

ನಾನು ಓದುವ ಕಾಲಕ್ಕೆ ನಮ್ಮ ಕಾಲೇಜಿನಲ್ಲಿ ಮೇಜರ್ ಹಿಡಿಯುವ ದಿನವೆಂದರೆ ಬರೀ ಗದ್ದಲ. ನೋಟಿಸ್ ಬೋರ್ಡಿನ ಮುಂದೆ ನೂಕುನುಗ್ಗಲು, ಗೆಳತಿ ಯಾವ ವಿಷಯ ಹಿಡಿದಳೋ ಅದನ್ನೇ ಹಿಡಿಯುವ ಹುಡುಗಿಯರು, ಎಲ್ಲ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಗಿರಮಿಟ್ಟು, ಮಿರ್ಚಿ. ಹಿಡಿದದ್ದು ಸರಿಬರದಿದ್ದರೆ ಮುಂದಿನ ವರ್ಷ ಬದಲಿಸಿದರಾಯಿತು, ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ನಾನು ಭೂವಿಜ್ಞಾನ ಹಿಡಿದದ್ದು ಗಣಿತದ ಸಾಲು ಬಹಳ ಉದ್ದವಿತ್ತು ಎಂಬ ಒಂದೇ ಕಾರಣಕ್ಕೆ.

ಎರಕ ಬಂದ ಮೇಲೆ ಆ ಗದ್ದಲ ಹೋಯಿತು. ಈಗ ಮೇಜರ್ ಹಿಡಿಯುವ ದಿನ ಅಪ್ಪ, ಅವ್ವ, ಸೋದರಮಾವ ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬರುತ್ತಾರೆ, ಹೆಣ್ಣು ನೋಡಲು ಬಂದವರ ಹಾಗೆ ಗಂಭೀರವಾಗಿ ಕೂರುತ್ತಾರೆ. ಏಕೆಂದರೆ ಎರಕ ಒಂದು ತಲೆಗೆ ಒಂದೇ ಸಲ.

ಎರಕ ಅಂದರೆ ಏನೆಂದು ಈಗ ಎಲ್ಲರಿಗೂ ಗೊತ್ತು. ಆದರೂ ಆ ಯಂತ್ರದ ಮುಂದೆ ಕೂತೇ ಕೂದಲು ಬೆಳ್ಳಗಾದವಳು ನಾನು, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಪಳಗಿದ ಮೇಷ್ಟರೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ತಲೆಗೆ ತೆಳ್ಳಗಿನ ಜಾಲರಿ ತೊಡಿಸಿ, ಅವರ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ನೆನೆಯಲು ಹೇಳುತ್ತೇವೆ. ನೆನೆಯುವಾಗ ಮಿದುಳಿನಲ್ಲಿ ಏಳುವ ಅಲೆಗಳನ್ನು ಯಂತ್ರ ಹಿಡಿದಿಡುತ್ತದೆ. ಅದು ಅಚ್ಚು. ಅಚ್ಚಿನಲ್ಲಿ ಮೇಷ್ಟರ ಮನೆ, ಮಡದಿ, ಮುನಿಸು ಎಲ್ಲ ಕೂಡಿಕೊಂಡು ಬಂದಿರುತ್ತವೆ. ಅವನ್ನು ಕತ್ತರಿಸಿ ತೆಗೆಯುವುದಕ್ಕೆ ಸೋಸುವುದು ಎನ್ನುತ್ತೇವೆ. ಸೋಸಿದ ವಿದ್ಯೆಯನ್ನು ವಿದ್ಯಾರ್ಥಿ ಮಂಪರಿನಲ್ಲಿದ್ದಾಗ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಹೋದರೆ, ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಆ ಮೇಷ್ಟರಿಗೆ ಗೊತ್ತಿದ್ದದ್ದೆಲ್ಲ ಇವರಿಗೂ ಗೊತ್ತು. ಒಂದರ ಮೇಲೆ ಇನ್ನೊಂದು ಎರಕ ಕೂರುವುದಿಲ್ಲ. ಆಸೆಬುರುಕನೊಬ್ಬ ಕದ್ದು ಎರಡನೆಯದು ಹಾಕಿಸಿಕೊಂಡು, ಎರಡನ್ನೂ ಕಳೆದುಕೊಂಡು, ನಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಅತ್ತದ್ದನ್ನು ನಾನೇ ಕಂಡಿದ್ದೇನೆ. ಇನ್ನೊಂದು ಮಿತಿಯೂ ಉಂಟು. ಎರಕ ಪಡೆದವರು ಆ ವಿಷಯದಲ್ಲಿ ಮುಂದೆ ತಾವಾಗಿ ಹೊಸದನ್ನು ಕಲಿತದ್ದನ್ನು ಯಾರೂ ನೋಡಿರಲಿಲ್ಲ. ಕಲಿಯಬೇಕು ಅಂತ ಅವರಿಗೆ ಅನ್ನಿಸುವುದೇ ಇಲ್ಲ ಎಂದು ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ.

ಕಲ್ಲಿನ ವಿಭಾಗಕ್ಕೆ ನಮ್ಮಲ್ಲಿದ್ದದ್ದು ಒಂದೇ ಅಚ್ಚು, ಹೊಂಬಳ ಸರ್ ಅವರದು. ಪಾಠ ಕೇಳಿ ಅವರಿಂದ ಕಲಿತ ಕೊನೆಯ ಬ್ಯಾಚು ನಮ್ಮದು. ಮರುವರ್ಷವೇ ನಾನು ಎರಕದ ಕೋಣೆಯಲ್ಲಿ ಕೆಲಸಕ್ಕೆ ಸೇರಿದೆ, ಅವರನ್ನು ಕುರ್ಚಿಯಲ್ಲಿ ಕೂರಿಸಿ ಅಚ್ಚು ತೆಗೆದಾಗ ಗುಂಡಿ ಒತ್ತುತ್ತಿದ್ದವಳೂ ನಾನೇ. ಅಚ್ಚು ಮುಗಿದ ಕೆಲವೇ ವರ್ಷಕ್ಕೆ ಅವರು ತೀರಿಕೊಂಡರು. ಬರುಬರುತ್ತಾ ಕಲ್ಲು ಹಿಡಿಯುವವರೂ ಕಡಿಮೆಯಾದರು. ಕೆಲಸ ಸಿಗುವ ಬೇರೆ ಮೇಜರುಗಳು ಬೇಕಾದಷ್ಟಿದ್ದವು.

ಹೀಗಿರುವಾಗ ನನ್ನ ಮಗಳು ಶಿವಲೀಲಾ ಮೇಜರ್ ಹಿಡಿದು ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ ಹೇಳಿದಳು.

“ಅವ್ವಾ, ಕಲ್ಲು ಹಿಡದೆ.”

ನಾನು ರೊಟ್ಟಿ ತಟ್ಟುತ್ತಿದ್ದೆ, ಕೈ ಅಲ್ಲೇ ನಿಂತಿತು. “ಯಾಕವಾ? ಯಾರರ ಹೇಳಿದ್ರೇನು?”

“ಯಾರೂ ಹೇಳಿಲ್ಲ. ನಾ ಸಣ್ಣಾಕಿದ್ದಾಗಿಂದ ಹೊಂಬಳ ಸರ್ ಹಂಗಂತಿದ್ರು, ಹೊಂಬಳ ಸರ್ ಹಿಂಗಂತಿದ್ರು ಅಂತ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವು. ಅವರು ಎಂಥವರು ಅಂತ ನಾನೂ ನೋಡೇಬಿಡ್ತೀನಿ.”

“ಅವರೀಗ ಎಲ್ಲಿದ್ದಾರವಾ.”

“ನಿನ್ನ ಯಂತ್ರದಾಗ ಅದಾರಲ್ಲ.”

ರೈಲ್ವೆಯಲ್ಲಿರುವ ನನ್ನ ಗಂಡ ವೀರಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ನೀವೇನಂತೀರಿ ಎಂದು ನಾನು ಕೇಳಿದ್ದಕ್ಕೆ, “ನಾ ಏನ ಅನ್ನಲಿ? ತಾಯಿ ಮಗಳು ಎಲ್ಲಾ ಮುಗಿಸಿದ ಮ್ಯಾಲೆ ನನ್ನ ಕೇಳ್ತೀರಿ. ಮೊದಲ ರೊಟ್ಟಿ ಹೊತ್ತಲಿಕತ್ತದ, ನೋಡು,” ಅಂದರು.

ಒಳಗೊಳಗೆ ನನಗೆ ಹಿಗ್ಗು, ಮೇಲೆ ಹೆದರಿಕೆ. ನನ್ನ ಹಳೆಯ ಪ್ರೀತಿಯ ಭಾರವನ್ನು ಈ ಹುಡುಗಿಯ ತಲೆಯ ಮೇಲೆ ಹೊರಿಸಿದೆನೇನೋ ಅನ್ನಿಸಿತು. ಆದರೆ ಹಿಡಿದಾಗಿತ್ತು.

ಆ ಮಳೆಗಾಲವೆಲ್ಲ ನಾನೇ ಅವಳಿಗೆ ಎರಕ ಇಳಿಸಿದೆ. ಗಾಜಿನ ಆಚೆ ಲೀಲಾ ಕಣ್ಣು ಮುಚ್ಚಿ ಮಲಗಿರುತ್ತಿದ್ದಳು. ಈಚೆ ಪರದೆಯ ಮೇಲೆ ಹೊಂಬಳ ಸರ್ ಅವರ ಅಲೆಗಳು ಹಸಿರು ಗೆರೆಗಳಾಗಿ ಸರಿಯುತ್ತಿದ್ದವು. ಪಕ್ಕದಲ್ಲಿ ನನ್ನ ಜೊತೆಯ ನದಾಫ ಅವಳ ಉಸಿರು, ನಾಡಿ ನೋಡಿಕೊಳ್ಳುತ್ತಿದ್ದ. ಬೇರೆ ಮಕ್ಕಳಿಗೆ ಇಳಿಸುವಾಗ ನಾನು ಆ ಗೆರೆಗಳನ್ನು ಬರೀ ಗೆರೆಗಳೆಂದು ನೋಡಿದವಳು. ಈಗ ಒಂದೊಂದು ಗೆರೆಗೂ ಮಹಡಿಯ ಮೇಲಿನ ಆ ಪ್ರಾಕ್ಟಿಕಲ್ ಹಾಲು ನೆನಪಾಗುತ್ತಿತ್ತು.

ಆ ಹಾಲಿನಲ್ಲಿ ಉದ್ದುದ್ದ ಮೇಜುಗಳು. ಮೇಜಿಗೊಂದು ಕಟ್ಟಿಗೆಯ ತಟ್ಟೆ, ತಟ್ಟೆಯ ತುಂಬ ಚೌಕ ಚೌಕ ಖಾನೆಗಳು, ಖಾನೆಗೊಂದು ಕಲ್ಲು, ಕಲ್ಲಿಗೊಂದು ನಂಬರು. ಸರ್ ತೋಳು ಮಡಚುತ್ತಿದ್ದರು, ಒಂದು ತೋಳು ಯಾವಾಗಲೂ ಇನ್ನೊಂದಕ್ಕಿಂತ ಮೇಲೆ. ಅಂಗಿಯ ಜೇಬಿನಲ್ಲಿ ಚಾಕ್ ಪೀಸು ಇಡುತ್ತಿದ್ದರಿಂದ ಎದೆಯ ಮೇಲೊಂದು ಬಿಳಿ ಮಚ್ಚೆ. ಹೆಸರು ಸರಿಯಾಗಿ ಹೇಳಿದರೆ ಶಾಬ್ಬಾಸ್ ಅನ್ನುವ ಪೈಕಿ ಅವರಲ್ಲ. ಜೇಬಿಗೆ ಕೈಹಾಕಿ ಚಾಕ್ ತೆಗೆದು ಆ ಕಲ್ಲಿನ ಮೇಲೇ ಒಂದು ರೈಟ್ ಮಾರ್ಕು ಎಳೆಯುತ್ತಿದ್ದರು, “ಇರಲಿ, ಮುಂದ,” ಎನ್ನುತ್ತಿದ್ದರು. ಶನಿವಾರ ನಾವು ಆ ಕಲ್ಲುಗಳನ್ನೆಲ್ಲ ನಲ್ಲಿಯ ಕೆಳಗೆ ತೊಳೆದು ಒಣಗಲು ಇಡಬೇಕು. ಯಾರಾದರೂ ಹೊರಮೈ ನೋಡಿಯೇ ಹೆಸರು ಹೇಳಲು ಹೋದರೆ ಸುತ್ತಿಗೆಯನ್ನು ಅವರ ಕಡೆ ಸರಿಸಿ, “ಒಡೀದ ಹೆಸರು ಹೇಳಬ್ಯಾಡ್ರಿ. ಮಾರಿ ನೋಡಿ ಮನುಷ್ಯಾನ್ನ ಹೇಳಿದಂಗ ಆಗ್ತದ,” ಅನ್ನುತ್ತಿದ್ದರು. ಅಷ್ಟು ಚಂದದ ದಿನಗಳು ಆಮೇಲೆ ನನಗೆ ಸಿಗಲಿಲ್ಲ. ಹಾಗೆಂದು ಈಗಿನದನ್ನು ಬೈಯುವುದಿಲ್ಲ, ಈಗಿನದರ ಸಂಬಳದಲ್ಲೇ ಮನೆ ಕಟ್ಟಿದ್ದೇನೆ.

ಎಷ್ಟೇ ಸೋಸಿದರೂ ಸಣ್ಣಪುಟ್ಟ ರೂಢಿಗಳು ಒಂದೆರಡು ನುಸುಳಿಬಿಡುತ್ತವೆ. ನವರಾತ್ರಿಯ ಹೊತ್ತಿಗೆ ಲೀಲಾ ತೋಳು ಮಡಚತೊಡಗಿದಳು, ಒಂದು ಮೇಲೆ, ಒಂದು ಕೆಳಗೆ. ಕಪ್ಪಿನ ಚಹಾ ಬಸಿಗೆ ಸುರಿದುಕೊಂಡು ಊದಿ ಊದಿ ಕುಡಿದಳು. ನಮ್ಮ ಮನೆಯಲ್ಲಿ ಯಾರೂ ಹಾಗೆ ಕುಡಿಯುವುದಿಲ್ಲ. ಒಂದು ದಿನ ಕಾಯಿಪಲ್ಲೆಗೆ ಉಪ್ಪು ಹೆಚ್ಚಾಗಿದೆಯೆಂದು ನಾನು ಗೊಣಗುತ್ತಿದ್ದರೆ, “ಇರಲಿ, ಮುಂದ,” ಅಂದುಬಿಟ್ಟಳು. ಅದೇ ಇಳಿದನಿ, ಅದೇ ತಲೆ ಓರೆ ಮಾಡುವ ರೀತಿ. ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ನೆವದಲ್ಲಿ ಕಣ್ಣೊರೆಸಿಕೊಂಡೆ.

ಡಿಗ್ರಿಗೆ ಎರಕವೊಂದೇ ಸಾಲದು. ಭಾಷೆ ಬೇಕು, ಒಂದು ಸಣ್ಣ ವಿಷಯ ಬೇಕು, ಸಮಾಜಸೇವೆ ಬೇಕು, ಕೊನೆಗೆ ಮೇಜರ್ ಪರೀಕ್ಷೆ ಬೇಕು. ಲೀಲಾ ಮಿಕ್ಕವೆಲ್ಲ ಮುಗಿಸಿಕೊಂಡಿದ್ದಳು. ಮೇಜರ್ ಪರೀಕ್ಷೆ ಮೊದಲು ಪರದೆಯ ಮೇಲೆ ನಡೆಯುತ್ತಿತ್ತು, ಯಾರೂ ನಪಾಸಾಗುತ್ತಿರಲಿಲ್ಲ. ಇವಳ ವರ್ಷಕ್ಕೆ ಪದವಿ ಮಂಡಳಿಯವರಿಗೆ ಅದೇನು ಹೊಳೆಯಿತೋ, ಪರೀಕ್ಷೆ ಕೈಯಿಂದಲೇ ಆಗಬೇಕು, ಕಲ್ಲಿನವರು ನಿಜವಾದ ಕಲ್ಲು ಹಿಡಿದೇ ಹೆಸರು ಹೇಳಬೇಕು ಎಂದು ನಿಯಮ ಮಾಡಿದರು. ನಿಜವಾದ ಕಲ್ಲುಗಳನ್ನು ಈಗ ಇಟ್ಟುಕೊಂಡವರಾದರೂ ಯಾರು? ಕೊನೆಗೆ ಮಹಡಿಯ ಕಪಾಟಿನಿಂದ ಸರ್ ಅವರ ಹಳೆಯ ತಟ್ಟೆಗಳೇ ಇಳಿದು ಬಂದವು. ಮಂಡಳಿಯ ಹುಡುಗರು ಯಂತ್ರದಿಂದ ಪ್ರತಿ ಕಲ್ಲನ್ನೂ ತಪಾಸಿಸಿ ಉತ್ತರಗಳ ಪಟ್ಟಿ ಮಾಡಿಕೊಂಡರು. ಪ್ರತಿ ತಟ್ಟೆಯ ಬಲಮೂಲೆಯ ಖಾನೆಯಲ್ಲಿ ನಂಬರಿಲ್ಲದ ಕಲ್ಲೊಂದಿತ್ತು. ನಂಬರು ಅಳಿಸಿಹೋಗಿರಬೇಕೆಂದು ಅವರೇ ಒಂದೊಂದು ನಂಬರು ಅಂಟಿಸಿದರು.

ಲೀಲಾ ಸೇರಿ ಏಳು ಮಂದಿ ಪರೀಕ್ಷೆಗೆ ಕೂತರು. ಏಳೂ ಮಂದಿ ತಟ್ಟೆಯ ಮಿಕ್ಕೆಲ್ಲ ಕಲ್ಲುಗಳಿಗೂ ಸರಿಯಾದ ಹೆಸರು ಬರೆದರು. ಮೂಲೆಯ ಖಾನೆಗೆ ಬಂದಾಗ ಒಬ್ಬರೂ ಏನೂ ಬರೆಯಲಿಲ್ಲ. ಆ ಕಲ್ಲನ್ನು ಎತ್ತಿ, ಒಮ್ಮೆ ತೂಗಿ ನೋಡಿ, ಜೇಬಿಗೋ ಚೀಲಕ್ಕೋ ಹಾಕಿಕೊಂಡು ಎದ್ದು ಹೋದರು. ಯಾರೂ ಅಡಗಿಸಲಿಲ್ಲ, ಓಡಲಿಲ್ಲ. ಮೇಲ್ವಿಚಾರಕರು ಬಾಯಿ ತೆರೆದುಕೊಂಡು ನೋಡುತ್ತಾ ನಿಂತಿದ್ದರಂತೆ.

ಮರುದಿನ ಊರೆಲ್ಲ ಅದೇ ಮಾತು. ಮಂಡಳಿಯ ಆದೇಶ ಬಂತು. ಹೊಂಬಳರ ಅಚ್ಚಿನಲ್ಲಿ ಹುಳುಕಿದೆ, ಕದಿಯುವ ಚಟವೊಂದು ಸೋಸದೆ ಉಳಿದುಕೊಂಡಿದೆ. ಆದ್ದರಿಂದ ಆ ಅಚ್ಚನ್ನು ಅಳಿಸಬೇಕು, ಏಳು ಮಂದಿಗೂ ಪದವಿ ಕೊಡಕೂಡದು.

ಈ ಮಕ್ಕಳಿಗೆ ಇನ್ನೊಂದು ಎರಕ ಹಾಕುವಂತಿಲ್ಲ. ತಲೆತುಂಬ ವಿದ್ಯೆ ಇಟ್ಟುಕೊಂಡು, ಯಾವ ಕೆಲಸಕ್ಕೂ ಅರ್ಜಿ ಹಾಕಲಾಗದೆ, ಜೀವನಪೂರ್ತಿ ಕದ್ದವರು ಅನ್ನಿಸಿಕೊಂಡು ಇರಬೇಕು. ಆ ಏಳರಲ್ಲಿ ನನ್ನ ಮಗಳೂ ಒಬ್ಬಳು.

“ಯಾಕ ತಗೊಂಡಿ?” ಎಂದು ಕೇಳಿದೆ.

“ಗೊತ್ತಿಲ್ಲವ್ವ. ಅದು ತಟ್ಟ್ಯಾಗ ಇರೂದಲ್ಲ ಅನಸ್ತು. ಮನಿಗೆ ಒಯ್ಯೂದು ಅನಸ್ತು.” ಚೀಲದಿಂದ ಆ ಕಲ್ಲನ್ನು ತೆಗೆದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟಳು. ಮುಷ್ಟಿಗಾತ್ರದ, ನುಣ್ಣಗಾದ ಹೊಳೆಗಲ್ಲು.

ಅವಳು ಅದನ್ನಿಟ್ಟದ್ದು ಮಾವಿನ ಉಪ್ಪಿನಕಾಯಿಯ ಭರಣಿಯ ಪಕ್ಕಕ್ಕೆ. ಭರಣಿಯ ಮುಚ್ಚಳ ಸರಿಯದಂತೆ ನಾನು ಮದುವೆಯಾದ ವರ್ಷದಿಂದ ಒಂದು ಕಲ್ಲು ಹೇರಿ ಇಡುತ್ತೇನೆ. ಅದೂ ಮುಷ್ಟಿಗಾತ್ರದ ಹೊಳೆಗಲ್ಲೇ. ಎಣ್ಣೆ, ಖಾರ ಕುಡಿದು ಕುಡಿದು ಕರ್‍ರಗಾಗಿದೆ. ಎರಡೂ ಅಕ್ಕಪಕ್ಕ ಕೂತದ್ದನ್ನು ನೋಡಿದ್ದೇ ತಡ, ನನಗೆ ಕೊನೆಯ ಪ್ರಾಕ್ಟಿಕಲ್ಲಿನ ದಿನ ಕಣ್ಣಿಗೆ ಕಟ್ಟಿತು.

ಅವತ್ತು ಜರ್ನಲ್ಲುಗಳಿಗೆಲ್ಲ ಸಹಿ ಮುಗಿದಿತ್ತು. ಸರ್ ನಮ್ಮನ್ನು ಸಾಲಾಗಿ ನಿಲ್ಲಿಸಿ, ಮೂಲೆಯ ಖಾನೆಯ ಕಲ್ಲನ್ನು ಒಬ್ಬೊಬ್ಬರ ಕೈಗಿಟ್ಟರು. “ಇವು ಶಿಂಗಟಾಲೂರ ಹತ್ರ ತುಂಗಭದ್ರಾ ಹೊಳ್ಯಾಗ ಹೆಕ್ಕಿದ್ದು. ಊರು ಬಿಟ್ಟು ಬಂದ ಕಲ್ಲು. ಹೆಸರು ಈಗ ಹೇಳಬ್ಯಾಡ್ರಿ, ಮನಿಗೆ ಒಯ್ಯಿರಿ. ಯಾವ ಕಲ್ಲು, ಯಾವ ಗುಡ್ಡದಿಂದ ಉರುಳಿ ಬಂತು, ತಿಳಕೊಂಡು ಬಂದು ಹೇಳ್ರಿ.” ನಾವು ಕಾಲಿಗೆ ಬಿದ್ದು, ಬರ್ತೀವ್ರಿ ಸರ್ ಅಂದೆವು. ಅವರು ಕೈ ಅಡ್ಡ ಮಾಡಿದರು. “ಈಗ ಅನಬ್ಯಾಡ್ರಿ ಅದನ್ನ. ಕಲ್ಲಿನ ಸುದ್ದಿ ಹೇಳಿದ ದಿನ ಅನ್ನಿರಿ. ಅವತ್ತ ನಿಮ್ಮ ಡಿಗ್ರಿ ಮುಗೀತು.”

ನಾವು ನಕ್ಕೆವು. ಘಟಿಕೋತ್ಸವವಾಯಿತು, ಕೆಲಸ, ಮದುವೆ, ಮಗಳು. ಅವರಿಗೆ ಉತ್ತರ ಗೊತ್ತೇ ಇರುತ್ತದೆ, ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ, ಅಷ್ಟೇ ಎಂದುಕೊಂಡಿದ್ದೆ. ಕೊಟ್ಟ ಕಲ್ಲನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡೆ, ಒಂದು ಚಕ್ಕೆಯೂ ಏಳದಂತೆ. ನಮ್ಮ ಮುಂದಿನ ಬ್ಯಾಚು ಬರಲೇ ಇಲ್ಲ. ಅವರಿಗೆಂದು ಸರ್ ಹೆಕ್ಕಿ ತಂದಿಟ್ಟ ಕಲ್ಲುಗಳು ಮೂಲೆಯ ಖಾನೆಗಳಲ್ಲಿ ಹಾಗೇ ಉಳಿದಿದ್ದವು. ಈಗ ಈ ಮಕ್ಕಳು ಒಯ್ದದ್ದು ಅವನ್ನೇ. ಯಾರೂ ಹೇಳದೆ, ಸರ್ ಹೇಳಿದ ಹಾಗೆ.

ಇದನ್ನು ಮಂಡಳಿಗೆ ಹೇಳಿದರೆ ಒಪ್ಪುತ್ತಾರೆಯೇ? ತಾಯಿ ಮಗಳ ಪರ ಕತೆ ಕಟ್ಟುತ್ತಿದ್ದಾಳೆ ಅನ್ನುತ್ತಾರೆ. ಬೆಳಿಗ್ಗೆ ಎದ್ದವಳೇ ಕಾಲೇಜಿಗೆ ಹೋಗಿ ನದಾಫನನ್ನು ಹಿಡಿದೆ.

“ಸರ್ ಅವರ ಅಚ್ಚು ತಗೀರಿ. ಮೂಲೀ ಖಾನೇದ ಹತ್ರ ಏನದ ನೋಡೋಣು.”

ಅಳಿಸುವ ಆದೇಶ ಅವನ ಮೇಜಿನ ಮೇಲೇ ಇತ್ತು. ಅವನು ಅದನ್ನು ಚಹಾದ ಕಪ್ಪಿನ ಕೆಳಗೆ ಸರಿಸಿ, “ಮೊದಲ ನೋಡೋಣ್ರಿ ಅಕ್ಕಾರ. ಅಳಸೂದು ಎಲ್ಲಿ ಓಡಿ ಹೋಗ್ತದ,” ಅಂದ.

ಸೋಸುವಾಗ ಕತ್ತರಿ ಬಿದ್ದಲ್ಲಿ ಗೆರೆ ತುಂಡಾಗಿ ಕೆಂಪು ಗುರುತು ಉಳಿಯುತ್ತದೆ. ಮೂಲೆಯ ಖಾನೆಯಲ್ಲಿ ಉತ್ತರವಿತ್ತು, ನಾವು ಅದನ್ನು ಕತ್ತರಿಸಿಬಿಟ್ಟಿದ್ದೇವೆ ಎಂದೇ ನನ್ನ ಅಂದಾಜು. ಒಂದೊಂದೇ ಕಲ್ಲು ದಾಟುತ್ತಾ ಹೋದೆವು. ಬಸಾಲ್ಟಿನ ಹತ್ತಿರ ಗೆರೆ ಎದ್ದು ಕೂತಿತ್ತು, ಇಳಕಲ್ಲಿನ ಕೆಂಪು ಗ್ರಾನೈಟಿನ ಹತ್ತಿರ ಎದ್ದು ಕೂತಿತ್ತು. ಅದು ಗೊತ್ತು ಎನ್ನುವ ಗೆರೆ, ನಾವು ದಿನಾ ನೋಡುವಂಥದ್ದು. ಮೂಲೆಯ ಖಾನೆಗೆ ಬಂದಾಗ ಗೆರೆ ಮಲಗಿತು. ಕೆಂಪು ಗುರುತಿರಲಿಲ್ಲ.

“ಕತ್ತರಿ ಬಿದ್ದೇ ಇಲ್ಲರಿ ಇಲ್ಲೆ,” ಅಂದ ನದಾಫ. “ನಾವು ಏನೂ ತಗದಿಲ್ಲ. ಇಲ್ಲೆ ಮೊದಲಿಂದ ಏನೂ ಇಲ್ಲ.”

ಮಲಗಿದ ಗೆರೆಯ ಮುಂದೆ ಇನ್ನೊಂದು ಗೆರೆ ನಿಧಾನವಾಗಿ ಎದ್ದಿತ್ತು. ಅದನ್ನು ನಾವು ಹಸಿವಿನ ಗೆರೆ ಅನ್ನುತ್ತೇವೆ. ಅದು ಹೊಟ್ಟೆಯ ಹಸಿವಲ್ಲ, ತಿಳಿಯಬೇಕು ಎನ್ನುವುದು. ಸಣ್ಣ ಮಕ್ಕಳಲ್ಲಿ ದೊಡ್ಡದಾಗಿ ಕಾಣುತ್ತದೆ. ಅಚ್ಚು ಕೊಡುವ ವಯಸ್ಸಿನ ಮೇಷ್ಟರುಗಳಲ್ಲಿ ಇಷ್ಟು ಎತ್ತರದ್ದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ಅವತ್ತು ತಿಳಿಯಿತು. ಸರ್‌ಗೆ ಉತ್ತರ ಗೊತ್ತಿರಲಿಲ್ಲ. ಅವರು ನಮ್ಮನ್ನು ಪರೀಕ್ಷಿಸಿರಲಿಲ್ಲ, ಕೇಳಿದ್ದರು. ನಾವು ಬಂದು ಹೇಳುತ್ತೇವೆಂದು ಕಾದಿದ್ದರು. ಆ ಹಾಲಿನ ಬಾಗಿಲ ಕಡೆ ನೋಡುತ್ತಾ ಅವರು ಎಷ್ಟು ಸಂಜೆ ಕೂತಿದ್ದರೋ ಎಂದು ನೆನೆದು ನನಗೆ ಬಹಳ ಸಂಕಟವಾಯಿತು.

ವಿಚಾರಣೆಗೆ ಮಂಡಳಿಯಿಂದ ಬಂದವರು ಡಾ. ವಸುಮತಿ, ಮೈಸೂರಿನ ಕಡೆಯವರು, ಮಾತು ಮೆತ್ತಗೆ, ಪಟ್ಟು ಗಟ್ಟಿ. ಏಳು ಮಂದಿಯನ್ನೂ ಕರೆಸಿ ಎದುರಿಗೆ ಕೂರಿಸಿದ್ದರು. ನಾನು ಅಚ್ಚಿನ ಗೆರೆಗಳನ್ನು ತೋರಿಸಿದೆ, ಕೊನೆಯ ಪ್ರಾಕ್ಟಿಕಲ್ಲಿನ ದಿನದ ಕತೆ ಹೇಳಿದೆ, ಚೀಲದಿಂದ ನನ್ನ ಕಲ್ಲು ತೆಗೆದು ಮೇಜಿನ ಮೇಲಿಟ್ಟೆ. ಕೋಣೆಯಲ್ಲೆಲ್ಲ ಉಪ್ಪಿನಕಾಯಿಯ ವಾಸನೆ ಹರಡಿತು. ಲೀಲಾ ಹಣೆ ಚಚ್ಚಿಕೊಂಡಳು.

ವಸುಮತಿಯವರು ಮೂಗು ಮುರಿಯಲಿಲ್ಲ. ಕಲ್ಲನ್ನು ಕೈಗೆತ್ತಿಕೊಂಡರು. “ಕದಿಯೋ ಚಟ ಅಲ್ಲ, ಒಪ್ಪಿದೆ. ಆದರೆ ಪರೀಕ್ಷೇಲಿ ಗೊತ್ತಿಲ್ಲ ಅನ್ನೋದು ಉತ್ತರ ಹೇಗಾಗತ್ತೆ ಕಸ್ತೂರಿಯವರೇ? ಗೊತ್ತಿಲ್ಲದ ಜಾಗ ಇರೋ ಅಚ್ಚನ್ನ ನಾವು ಹೇಗೆ ಇಟ್ಕೊಳ್ಳೋದು?”

“ಅದು ಗೊತ್ತಿಲ್ಲ ಅಂತ ಬಿಟ್ಟ ಜಾಗ ಅಲ್ರಿ ಮೇಡಂ. ಹುಡುಕ್ರಿ ಅಂತ ಕೊಟ್ಟದ್ದು.”

“ಎರಕದ ಮಕ್ಕಳು ಹುಡುಕೋದಿಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು.” ಮಕ್ಕಳ ಕಡೆ ತಿರುಗಿದರು. “ಸರಿ. ಬೇಸಿಗೆ ರಜೆ ಮುಗಿಯೋದರೊಳಗೆ ನಿಮ್ಮ ಕಲ್ಲಿನ ವಿಷಯ ಬಂದು ಹೇಳಿ. ಅಚ್ಚಲ್ಲಿ ಇಲ್ಲದ್ದು ಏನಾದರೂ ಹೇಳಬೇಕು. ಹೇಳಿದರೆ ಪದವಿ, ಅಚ್ಚೂ ಉಳಿಯತ್ತೆ. ಇಲ್ಲದಿದ್ದರೆ ಆದೇಶ ಇದ್ದ ಹಾಗೇ.” ಏಳುವಾಗ ನನ್ನ ಕಲ್ಲನ್ನು ನನ್ನ ಕಡೆ ಸರಿಸಿ ಕೇಳಿದರು. “ಅಂದ ಹಾಗೆ, ನಿಮ್ಮದು ಯಾವ ಗುಡ್ಡದ್ದು?”

ನಾನು ಕಲ್ಲನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡೆ.

ಆ ಬೇಸಿಗೆ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಏಳು ಮಂದಿಯೂ ನಡುಮನೆಯಲ್ಲಿ ನಕಾಶೆ ಹಾಸಿಕೊಂಡು ಕೂರುವುದು, ಜಗಳಾಡುವುದು, ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ಬೆಳಗಿನ ಬಸ್ಸು ಹಿಡಿಯುವುದು. ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಬ್ಬೊಬ್ಬರೇ ತಂತಮ್ಮ ಕಲ್ಲು ಒಡೆದರು. ಮೊದಲ ದಿನ ಲೀಲಾ ಹೊಳೆದಂಡೆಯಿಂದ ಬರಿಗೈಯಲ್ಲಿ ಬಂದು ಊಟ ಬಿಟ್ಟು ಮಲಗಿದಳು. “ತಲ್ಯಾಗ ಕೈ ಹಾಕಿದ್ರ ಏನೂ ಸಿಗೂದಿಲ್ಲವ್ವ. ಇಷ್ಟ ದಿನ ಕೇಳಿದ್ದೆಲ್ಲಾ ಸಿಗತಿತ್ತು. ಇದೊಂದ ಕೇಳಿದ್ರ ಖಾಲಿ. ಹೆದರಿಕಿ ಆಗ್ತದ.” ನಾನು ಅವಳ ತಲೆ ಸವರಿ, ನಮಗೆಲ್ಲ ಕಲಿಯುವಾಗ ದಿನಾ ಹಾಗೇ ಆಗುತ್ತಿತ್ತು ಎಂದೆ. ಅವಳು ನಂಬಲಿಲ್ಲ. “ದಿನಾ?” ಅಂದಳು. ದಿನಾ, ಎಂದೆ. ಮರುದಿನ ಮತ್ತೆ ಬಸ್ಸು ಹಿಡಿದಳು.

ವೀರಣ್ಣ ರೈಲಿನಲ್ಲಿ ಸಿಕ್ಕ ಯಾರನ್ನೋ ವಿಚಾರಿಸಿ, ಯಾವ ಹಳ್ಳ ಎಲ್ಲಿ ಹೊಳೆ ಸೇರುತ್ತದೆಂದು ಕೇಳಿಕೊಂಡು ಬಂದು ಹೇಳುತ್ತಿದ್ದರು. ಮಗಳು ಕಲ್ಲು ಹಿಡಿದದ್ದು ಅವರಿಗೂ ಸೇರಿತ್ತು, ಒಪ್ಪಿಕೊಳ್ಳಲಿಲ್ಲ, ಅಷ್ಟೇ.

ರಜೆ ಮುಗಿದು ವಸುಮತಿಯವರು ಮತ್ತೆ ಬಂದರು. ಈ ಸಲ ಕೂತದ್ದು ಮಹಡಿಯ ಪ್ರಾಕ್ಟಿಕಲ್ ಹಾಲಿನಲ್ಲೇ. ಇಬ್ಬರು ತಮ್ಮ ಕಲ್ಲಿನ ಗುಡ್ಡ ಸರಿಯಾಗಿ ಕಂಡುಹಿಡಿದಿದ್ದರು, ಮೂವರು ಹತ್ತಿರ ಹತ್ತಿರ ಬಂದಿದ್ದರು. ಒಬ್ಬ ಹುಡುಗ ಬಹಳ ಧೈರ್ಯವಾಗಿ ತಪ್ಪು ಹೇಳಿದ, ಉಳಿದವರು ಅಲ್ಲೇ ಅವನನ್ನು ತಿದ್ದಿದರು, ಅವನು ವಾದಕ್ಕೆ ನಿಂತ. ವಸುಮತಿಯವರು ಅವರ ಜಗಳ ಬಿಡಿಸದೆ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಾ ಕೂತರು. ಕೊನೆಗೆ ಲೀಲಾಳ ಸರದಿ.

“ಮೂರು ಗುಡ್ಡ ನೋಡಿದೆನ್ರಿ,” ಅಂದಳು. ಒಡೆದ ಎರಡು ಹೋಳು, ಗುಡ್ಡಗಳಿಂದ ತಂದ ಚೂರುಗಳು, ಎಲ್ಲವನ್ನೂ ಸಾಲಾಗಿ ಇಟ್ಟಳು. “ಈ ಮೂರರದ್ದೂ ಅಲ್ಲ. ಯಾಕ ಅಲ್ಲ ಅಂತ ಒಂದೊಂದಕ್ಕೂ ಹೇಳಬಲ್ಲೆ. ಯಾವುದರದ್ದು ಅಂತ ಇನ್ನೂ ಸಿಕ್ಕಿಲ್ಲ.”

“ಹುಡುಕೋದು ನಿಲ್ಲಿಸ್ತೀಯಾ?”

“ಇಲ್ರಿ. ನಾಲ್ಕನೇದಕ್ಕ ಮಳಿ ನಿಂತ ಮ್ಯಾಲೆ ಹೋಗ್ತೀನಿ. ಈಗ ಹಾದಿ ಇರೂದಿಲ್ಲ.”

“ಈ ಮೂರು ಅಲ್ಲ ಅನ್ನೋದು ಹೊಂಬಳರ ಅಚ್ಚಲ್ಲಿ ಇತ್ತೇನಮ್ಮ?”

“ಇಲ್ರಿ. ಅವರಿಗೂ ಗೊತ್ತಿರಲಿಲ್ಲ.” ಲೀಲಾ ಒಡೆದ ಹೋಳೊಂದನ್ನು ಕೈಗೆತ್ತಿಕೊಂಡಳು. “ಗೊತ್ತಾಗಿದ್ರ ಅವರಿಗೆ ಭಾಳ ಖುಷಿ ಆಗತಿತ್ತು.”

ವಸುಮತಿಯವರು ಏಳೂ ಮಂದಿಗೆ ಸಹಿ ಹಾಕಿದರು. ತಪ್ಪು ಹೇಳಿದವನಿಗೂ ಹಾಕಿದರು, ಮಂಡಳಿಯಲ್ಲಿ ಇದಕ್ಕೆ ಉತ್ತರ ಹೇಳುವುದು ನನ್ನ ತಲೆನೋವು ಅಂದರು. ಪದವಿಯ ನಿಯಮಗಳಲ್ಲಿ ಮೂಲೆಯ ಖಾನೆಯ ಕಲ್ಲೂ ಸೇರಿತು. ಮೆಟ್ಟಿಲಿಳಿಯುವ ಮೊದಲು ನದಾಫನನ್ನು ಪಕ್ಕಕ್ಕೆ ಕರೆದು, ಯಾವ ತಟ್ಟೆಯಲ್ಲಾದರೂ ಮೂಲೆಯ ಕಲ್ಲು ಉಳಿದಿದೆಯೇ ಎಂದು ಕೇಳಿದರಂತೆ. ಒಂದು ಉಳಿದಿತ್ತು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ದರು.

ಅವತ್ತು ಸಂಜೆ ನಾನು ಹುಗ್ಗಿ ಮಾಡಿದೆ. ಊಟವಾದ ಮೇಲೆ ಭರಣಿಯ ಮೇಲಿನ ಕಲ್ಲನ್ನು ಎತ್ತಿ ಸೀಗೆಪುಡಿ ಹಾಕಿ ತಿಕ್ಕಿ ತೊಳೆದು ಲೀಲಾಳ ಕೈಗೆ ಕೊಟ್ಟೆ. ಹೊಂಬಳ ಸರ್‌ಗೆ ಗೊತ್ತಿದ್ದದ್ದೆಲ್ಲ ಈಗ ಇವಳಿಗೆ ಗೊತ್ತು. ಇವಳನ್ನು ಕೇಳಿದರೆ ಅವರನ್ನು ಕೇಳಿದ ಹಾಗೆ.

“ಇದು ಯಾವ ಗುಡ್ಡದ್ದು, ಲೀಲಾ?”

ಅವಳು ಅಂಗೈಯಲ್ಲಿ ತೂಗಿದಳು, ಬೆಳಕಿಗೆ ಹಿಡಿದು ತಿರುಗಿಸಿದಳು, ತಲೆ ಓರೆ ಮಾಡಿದಳು. “ಗೊತ್ತಿಲ್ಲವ್ವ. ಒಡೀದ ಹೆಂಗ ಹೇಳಲಿ?”

“ಇದನ್ನ ಒಡಿಯಾಕ ಆಗೂದಿಲ್ಲವಾ. ಸರ್ ಕೊಟ್ಟದ್ದು. ಇಷ್ಟ ವರ್ಷ ಒಂದು ಚೂರೂ ಮುಕ್ಕಾಗಲಾರದಂಗ ಇಟ್ಟೀನಿ.”

“ಅವರು ಒಡೀಲಿ ಅಂತನ ಕೊಟ್ಟದ್ದು,” ಅಂದಳು. ಗದರಲಿಲ್ಲ. ಗೂಟಕ್ಕೆ ಹಾಕಿದ್ದ ಸುತ್ತಿಗೆ ತಂದು ನನ್ನ ಕಡೆ ಸರಿಸಿದಳು.

ಹಿತ್ತಲಲ್ಲಿ ಇನ್ನೂ ಬೆಳಕಿತ್ತು. ಒಗೆಯುವ ಕಲ್ಲಿನ ಮೇಲೆ ಅದನ್ನಿಟ್ಟು ಬಹಳ ಹೊತ್ತು ನೋಡಿದೆ. ಸರ್ ನೆನಪಿಗೆಂದು ನನ್ನ ಹತ್ತಿರ ಇದ್ದದ್ದು ಅದೊಂದೇ. ಮೊದಲ ಏಟಿಗೆ ಸುತ್ತಿಗೆ ಜಾರಿತು. ಎರಡನೆಯದಕ್ಕೆ ಕಲ್ಲು ಎರಡು ಹೋಳಾಯಿತು.

ಒಳಗೆ ಕಪ್ಪಿರಲಿಲ್ಲ. ಹಸಿರು ಮಿಶ್ರಿತ ಬೂದಿಬಣ್ಣ, ಅದರೊಳಗೆ ಕಡಲೆ ಗಾತ್ರದ, ಗೋಲಿ ಗಾತ್ರದ ದುಂಡನೆಯ ಬಿಳಿ ಕಲ್ಲುಗಳು ಒತ್ತಿ ಕೂತಿದ್ದವು. ನೆಲದ ಮೇಲೆ ಹುಲ್ಲೂ ಹುಟ್ಟದ ಕಾಲದಲ್ಲಿ ಯಾವುದೋ ಹೊಳೆ ಉರುಳಿಸಿ ಉರುಳಿಸಿ ದುಂಡಗೆ ಮಾಡಿದ ಕಲ್ಲುಗಳು ಅವು. ಆ ಹೊಳೆ ಹೋಗಿ ಕಲ್ಲುಗಳು ಮಾತ್ರ ಗಟ್ಟಿಯಾಗಿ ಕೂಡಿಕೊಂಡು ಗುಡ್ಡವಾದವು, ಗುಡ್ಡದಿಂದ ಈ ತುಂಡು ಬಿದ್ದು ನಮ್ಮ ತುಂಗಭದ್ರೆಯಲ್ಲಿ ಮತ್ತೊಮ್ಮೆ ಉರುಳಿ ಬಂದಿತ್ತು. ಲೀಲಾಳಿಗೆ ನೋಡಿದ ಕೂಡಲೇ ಗೊತ್ತಾಗಿತ್ತು, ಅವಳ ಮುಖವೇ ಹೇಳುತ್ತಿತ್ತು. ಆದರೂ ಬಾಯಿ ಬಿಡದೆ ನನ್ನನ್ನೇ ನೋಡುತ್ತಾ ನಿಂತಳು.

ನನಗೆ ಎರಕವಿಲ್ಲ, ನೆನಪಷ್ಟೇ. ಎರಡನೆಯ ವರ್ಷದ ಪ್ರವಾಸದಲ್ಲಿ ತರೀಕೆರೆಯಿಂದ ಆಚೆ ಒಂದು ಗುಡ್ಡದ ಬುಡಕ್ಕೆ ಒರಗಿ ನಾವು ಬುತ್ತಿ ಬಿಚ್ಚಿದ್ದೆವು. ಬೆನ್ನಿಗೆ ದುಂಡು ದುಂಡಾಗಿ ಏನೋ ಒತ್ತುತ್ತದೆಂದು ನಾನು ತಿರುಗಿ ನೋಡಿದ್ದೆ. ಬಂಡೆಯ ತುಂಬ ಇವೇ ಕಲ್ಲುಗಳು.

“ಕಾಂಗ್ಲಾಮರೇಟು,” ಅಂದೆ. “ಕಲ್ದುರ್ಗದ ಗುಡ್ಡದ್ದು. ಹಳ್ಳದ ಹಾದಿ ಹಿಡಿದು ಭದ್ರಾಕ್ಕ ಬಿತ್ತು, ಭದ್ರಾದಿಂದ ತುಂಗಭದ್ರಾಕ್ಕ.”

ಲೀಲಾಳ ಕೈ ಎದೆಯ ಮೇಲೆ ಇಲ್ಲದ ಜೇಬನ್ನು ತಡಕಾಡಿತು. ಆಮೇಲೆ ಹಿತ್ತಲ ಬಾಗಿಲ ಪಕ್ಕದ ರಂಗೋಲಿ ಡಬ್ಬಿಗೆ ಬೆರಳು ಅದ್ದಿ ತಂದು, ಒಡೆದ ಹೋಳಿನ ಮೇಲೆ ಬೆಳ್ಳಗೆ ಒಂದು ರೈಟ್ ಮಾರ್ಕು ಎಳೆದಳು.

“ಇರಲಿ, ಮುಂದ.”

“ಬರ್ತೀನ್ರಿ ಸರ್,” ಅಂದೆ.

ಲೀಲಾ ನಗಲಿಲ್ಲ. ಹೋಗಿ ಬರ್ರಿ ಎನ್ನುವ ಹಾಗೆ ಕೈ ಎತ್ತಿದಳು.